ಎರಡು ಹನಿಗಳ ನಡುವಿನ ಸಂದು: ಎಲೆಕ್ಟ್ರೋಡ್ ಮುದ್ರಣದ ಒಂದು ಪ್ರಕರಣ

ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅರ್ಧ ಗಂಟೆ ಕುಳಿತವರಿಗೆ 'ಬಣ್ಣ ಸರಿಯಾಗಿ ಕೂತಿಲ್ಲ' ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಒತ್ತುವಾಗ ಕೆಂಪು ಕಾಲು ಮಿಲಿಮೀಟರ್‌ನಷ್ಟು ಪಕ್ಕಕ್ಕೆ ಸರಿದರೆ ಸಾಕು, ಗಣಪತಿಯ ಕಿರೀಟಕ್ಕೆ ಎರಡೆರಡು ಅಂಚು. ಗಿರಾಕಿ ಗೊಣಗುತ್ತಾನೆ, ಪ್ರೆಸ್ಸಿನವರು ಕಾಗದದ ಮೇಲೆ ತಪ್ಪು ಹೊರಿಸುತ್ತಾರೆ, ಪತ್ರಿಕೆ ಹಂಚಿ ಮದುವೆಯೂ ಮುಗಿಯುತ್ತದೆ. ಕಾಲು ಮಿಲಿಮೀಟರ್ ಎಂದರೆ 250 ಮೈಕ್ರೋಮೀಟರ್. ಈ ಪ್ರಕರಣದಲ್ಲಿ ಮುದ್ರಿಸುವವರ ಎದುರಿಗಿದ್ದದ್ದು ಟ್ರಾನ್ಸಿಸ್ಟರಿನ ಎರಡು ಎಲೆಕ್ಟ್ರೋಡುಗಳ ನಡುವಿನ 5 ಮೈಕ್ರೋಮೀಟರ್‌ನ ಸಂದು. ಕೈಯಲ್ಲಿದ್ದ ಯಂತ್ರವಾದರೋ ಕಚೇರಿಯ ಮೇಜಿನ ಮೇಲಿರುವ ಇಂಕ್‌ಜೆಟ್ ಪ್ರಿಂಟರಿನ ಹತ್ತಿರದ ಬಂಧು.

ಜಾಗ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕ್ಯಾವೆಂಡಿಷ್ ಪ್ರಯೋಗಾಲಯ. ಅಲ್ಲಿನ ಹೆನಿಂಗ್ ಸಿರಿಂಗ್‌ಹೌಸ್ ಮತ್ತು ರಿಚರ್ಡ್ ಫ್ರೆಂಡ್ ಅವರ ಜೊತೆ ಜಪಾನಿನ ಸೇಕೊ ಎಪ್ಸನ್ ಕಂಪನಿಯ ವಿಜ್ಞಾನಿಗಳು ಕೈಜೋಡಿಸಿದ್ದರು. ಅರೆವಾಹಕ ಪಾಲಿಮರ್ ಬಂದದ್ದು ಅಮೆರಿಕದ ಡೌ ಕೆಮಿಕಲ್‌ನಿಂದ. ಪೂರ್ತಿ ಪಾಲಿಮರಿನಿಂದಲೇ ಆದ ಟ್ರಾನ್ಸಿಸ್ಟರ್ ಸರ್ಕಿಟ್ಟನ್ನು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಅವರ ವರದಿ 2000ದ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕನ್ನು ಕಂಡುಹಿಡಿದ ಹೀಗರ್, ಮ್ಯಾಕ್‌ಡಿಯರ್‌ಮಿಡ್ ಮತ್ತು ಶಿರಕಾವಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಂದದ್ದೂ ಅದೇ ವರ್ಷ.

ಇಂಥ ಪಾಲಿಮರುಗಳನ್ನು 'ಸಾವಯವ' ಅರೆವಾಹಕ ಎನ್ನುತ್ತಾರೆ. 'ಸಾವಯವ' ಎಂದರೆ ನಮ್ಮಲ್ಲಿ ಗೊಬ್ಬರ ಮತ್ತು ದುಬಾರಿ ಬೆಲ್ಲ ನೆನಪಾಗುತ್ತವೆ. ಇಲ್ಲಿ ಅದರ ಅರ್ಥ ಇಂಗಾಲದ ಸರಪಳಿಗಳಿಂದ ಆದ ವಸ್ತು, ಅಷ್ಟೇ. ಸಿಲಿಕಾನನ್ನು ಕರಗಿಸಿ ಶಾಯಿ ಮಾಡುವುದು ಸುಲಭದ ಮಾತಲ್ಲ. ಈ ಪಾಲಿಮರುಗಳು ಮಾತ್ರ ಸೈಲೀನ್‌ನಂಥ ದ್ರಾವಕದಲ್ಲಿ ಸಲೀಸಾಗಿ ಕರಗುತ್ತವೆ. ಕರಗುವುದನ್ನು ಮುದ್ರಿಸಬಹುದು. ಮುದ್ರಿಸಬಹುದಾದರೆ ಸಾವಿರಾರು ಕೋಟಿ ರೂಪಾಯಿಯ ಚಿಪ್ ಕಾರ್ಖಾನೆ ಬೇಡ ಎಂಬುದು ಆಗಿನ ಆಸೆ.

ಆಸೆಗೆ ಅಡ್ಡ ನಿಂತದ್ದು ಎಲೆಕ್ಟ್ರೋಡು. ಪಠ್ಯಪುಸ್ತಕದ ಮಾತಿನಲ್ಲಿ ವಿದ್ಯುದಗ್ರ.

ಟ್ರಾನ್ಸಿಸ್ಟರನ್ನು ಕೆರೆ, ತೂಬು, ಗದ್ದೆ ಎಂದುಕೊಳ್ಳಿ. ಸೋರ್ಸ್ ಎಂಬ ಎಲೆಕ್ಟ್ರೋಡು ಕೆರೆ, ಡ್ರೇನ್ ಎಂಬುದು ಗದ್ದೆ, ನಡುವೆ ಅರೆವಾಹಕದ ಕಾಲುವೆ. ಗೇಟ್ ಎಂಬ ಮೂರನೆಯ ಎಲೆಕ್ಟ್ರೋಡು ಅವಾಹಕ ಪದರದ ಆಚೆ ಕುಳಿತು ತೂಬಿನ ಕೆಲಸ ಮಾಡುತ್ತದೆ. ಕಾಲುವೆ ಎಷ್ಟು ಗಿಡ್ಡವೋ ಅಷ್ಟು ಹೆಚ್ಚು ವಿದ್ಯುತ್ ಹರಿಯುತ್ತದೆ. ವೇಗದ ಲೆಕ್ಕ ಇನ್ನೂ ಚುರುಕು, ಅದು ಉದ್ದದ ವರ್ಗಕ್ಕೆ ವಿಲೋಮ. ಕಾಲುವೆಯನ್ನು 50 ಮೈಕ್ರೋಮೀಟರ್‌ನಿಂದ 5ಕ್ಕೆ ಇಳಿಸಿದರೆ ವಿದ್ಯುತ್ ಪ್ರವಾಹ ಹತ್ತು ಪಟ್ಟು ಏರುತ್ತದೆ, ವೇಗ ತಾತ್ವಿಕವಾಗಿ ನೂರು ಪಟ್ಟು.

ಇದರ ಅಗತ್ಯ ಪಾಲಿಮರಿಗೆ ಬೇರೆ ಯಾರಿಗಿಂತಲೂ ಹೆಚ್ಚು. ಸಿಲಿಕಾನ್ ಹರಳಿನಲ್ಲಿ ಎಲೆಕ್ಟ್ರಾನಿನ ಚಲನಶೀಲತೆ, ಅಂದರೆ ಅದು ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬುದರ ಅಳತೆ, ವೋಲ್ಟ್-ಸೆಕೆಂಡಿಗೆ ಸಾವಿರ ಚದರ ಸೆಂಟಿಮೀಟರ್ ದಾಟುತ್ತದೆ. ಟಿವಿ ಪರದೆಗಳ ಹಿಂದಿನ ಅಮಾರ್ಫಸ್ ಸಿಲಿಕಾನಿನಲ್ಲಿ ಸುಮಾರು 1. ಕೇಂಬ್ರಿಡ್ಜಿನ ತಂಡ ಬಳಸಿದ ಎಫ್8ಟಿ2 ಎಂಬ ಪಾಲಿಮರಿನಲ್ಲಿ ದೊರೆತದ್ದು 0.02. ವಿದ್ಯುದಾವೇಶ ಇಲ್ಲಿ ಓಡುವುದಿಲ್ಲ, ಒಂದು ಸರಪಳಿಯಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತದೆ. ಕುಂಟು ಕುದುರೆಯನ್ನು ಓಡಿಸುವುದಕ್ಕಿಂತ ದಾರಿಯನ್ನೇ ಗಿಡ್ಡ ಮಾಡುವುದು ಸುಲಭ ಎಂಬ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಈಗ ಪ್ರಿಂಟರಿನ ಕಷ್ಟ ನೋಡಿ. 10 ಪಿಕೋಲೀಟರಿನ ಒಂದು ಹನಿಯ ವ್ಯಾಸ ಸುಮಾರು 27 ಮೈಕ್ರೋಮೀಟರ್. ಒಂದು ಟೀ ಚಮಚದಲ್ಲಿ ಅಂಥ ಐವತ್ತು ಕೋಟಿ ಹನಿ ಹಿಡಿಸುತ್ತವೆ. ಇಷ್ಟು ಪುಟ್ಟದಾದರೂ ನಮಗೆ ಬೇಕಾದ ಸಂದಿಗಿಂತ ಹನಿಯೇ ಐದು ಪಟ್ಟು ದಪ್ಪ. ಬಿದ್ದ ಮೇಲೆ ಹರಡಿ ಇನ್ನಷ್ಟು ಅಗಲವಾಗುತ್ತದೆ. ಅದು ನೆಟ್ಟಗೆ ಬೀಳುತ್ತದೆಯೇ ಎಂದರೆ ಅದೂ ಇಲ್ಲ. ಮೂತಿಯ ಅಂಚಿನಲ್ಲಿ ಒಣ ಶಾಯಿಯ ಚೂರು ಅಂಟಿದ್ದರೆ ಹನಿ ಓರೆಯಾಗುತ್ತದೆ. ಒಂದು ಮಿಲಿಮೀಟರ್ ಎತ್ತರದಿಂದ ಅರ್ಧ ಡಿಗ್ರಿ ಓರೆಯಾಗಿ ಹೊರಟ ಹನಿ ಸುಮಾರು 9 ಮೈಕ್ರೋಮೀಟರ್ ಪಕ್ಕಕ್ಕೆ ಬೀಳುತ್ತದೆ. ಗುರಿಗಿಂತ ಗುರಿತಪ್ಪೇ ದೊಡ್ಡದು. ಹನಿಯ ದಿಕ್ಕು, ಹರಡುವಿಕೆ ಎರಡೂ ಸೇರಿ ಇಂಕ್‌ಜೆಟ್ಟಿನ ನಿಖರತೆ 20ರಿಂದ 50 ಮೈಕ್ರೋಮೀಟರ್‌ಗೆ ನಿಂತುಬಿಟ್ಟಿತ್ತು. ಎರಡು ಗೆರೆಗಳನ್ನು ಅದಕ್ಕಿಂತ ಹತ್ತಿರ ಎಳೆಯಹೋದರೆ ಎಲ್ಲೋ ಒಂದು ಕಡೆ ಕೂಡಿಕೊಂಡು ಶಾರ್ಟ್ ಆಗುವುದು ಖಂಡಿತ.

ಯಂತ್ರವನ್ನೇ ಸುಧಾರಿಸಹೊರಟಿದ್ದರೆ ಇದೊಂದು ಸಾಮಾನ್ಯ ಪ್ರಕರಣವಾಗುತ್ತಿತ್ತು. ಸಿರಿಂಗ್‌ಹೌಸ್ ತಂಡ ನಿಖರತೆಯನ್ನು ಪ್ರಿಂಟರಿನಿಂದ ಕೇಳುವುದನ್ನೇ ಬಿಟ್ಟಿತು. ಬೀಳುವ ಜಾಗಕ್ಕೆ ಆ ಕೆಲಸ ವಹಿಸಿತು.

ಮೊದಲ ಪರಿಹಾರ: ನೀರಿಗೆ ಒಂದು ಬದು

ಎಲೆಕ್ಟ್ರೋಡಿಗೆ ಅವರು ಆರಿಸಿಕೊಂಡ ಶಾಯಿ ಪೆಡಾಟ್-ಪಿಎಸ್ಎಸ್. ಜರ್ಮನಿಯ ಬೇಯರ್ ಕಂಪನಿಯಲ್ಲಿ ಹುಟ್ಟಿದ ಈ ಕಡುನೀಲಿ ಪಾಲಿಮರು ಮೊದಮೊದಲು ಫೋಟೋ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ ಕೂಡದಂತೆ ಬಳಿಯುವ ಲೇಪವಾಗಿತ್ತು. ಅದರ ದೊಡ್ಡ ಗುಣ, ನೀರಿನಲ್ಲಿ ಬೆರೆತಿರುತ್ತದೆ. ನೀರನ್ನು ಕೆಲವು ಮೇಲ್ಮೈಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಬಾಳೆ ಎಲೆಯ ಮೇಲೆ ಚಿಮುಕಿಸಿದ ನೀರಿಗೂ ಕೆಸುವಿನ ಎಲೆಯ ಮೇಲೆ ಉರುಳುವ ಹನಿಗೂ ಇರುವ ವ್ಯತ್ಯಾಸ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಗಾಜಿನ ಮೇಲೆ ಪಾಲಿಇಮೈಡ್ ಎಂಬ ನೀರೊಲ್ಲದ ಪ್ಲಾಸ್ಟಿಕ್ಕಿನ 5 ಮೈಕ್ರೋಮೀಟರ್ ಅಗಲದ ತೆಳು ಪಟ್ಟಿಯನ್ನು ಮೊದಲೇ ಎಳೆದಿಟ್ಟರು. ಗಾಜು ನೀರನ್ನು ಒಪ್ಪುತ್ತದೆ, ಪಟ್ಟಿ ಒಪ್ಪುವುದಿಲ್ಲ. ಪಟ್ಟಿಯ ಈ ಕಡೆಗೊಂದು, ಆ ಕಡೆಗೊಂದು ಶಾಯಿಯ ಸಾಲು ಮುದ್ರಿಸಿದಾಗ ಹನಿಗಳು ಹರಡುತ್ತ ಬಂದು ಪಟ್ಟಿಯ ಅಂಚಿನಲ್ಲಿ ಥಟ್ಟನೆ ನಿಂತವು, ಗದ್ದೆಯ ನೀರು ಬದುವಿಗೆ ತಾಗಿ ನಿಂತಂತೆ. ಹನಿ ಹತ್ತು ಮೈಕ್ರೋಮೀಟರ್ ಆಚೀಚೆ ಬಿದ್ದರೂ ಚಿಂತೆಯಿಲ್ಲ, ಅಂಚು ಮಾತ್ರ ಬದುವಿನ ಗುಂಟವೇ. ಪ್ರಿಂಟರಿನ ತಪ್ಪು ಇದ್ದಲ್ಲೇ ಇತ್ತು. ಸಂದು 5 ಮೈಕ್ರೋಮೀಟರ್‌ಗೆ ಕೂತಿತು.

ಪಾಲಿಇಮೈಡಿಗೆ ಇನ್ನೊಂದು ಗುಣವೂ ಇದೆ. ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದರೆ ದ್ರವಸ್ಫಟಿಕಗಳು ಅದರ ಮೇಲೆ ಆ ದಿಕ್ಕಿಗೇ ಸಾಲಾಗಿ ಮಲಗುತ್ತವೆ. ಎಲ್‌ಸಿಡಿ ಕಾರ್ಖಾನೆಗಳ ಹಳೆಯ ವಿದ್ಯೆ ಇದು. ಎಫ್8ಟಿ2 ಕೂಡ ಬಿಸಿ ಮಾಡಿದಾಗ ದ್ರವಸ್ಫಟಿಕವಾಗುವ ಪಾಲಿಮರು. ಅದರ ಸರಪಳಿಗಳನ್ನು ಹೀಗೆ ಸಾಲು ಹಿಡಿಸಿದರೆ ಚಲನಶೀಲತೆ ಏರುತ್ತದೆ ಎಂದು ಇದೇ ತಂಡ ತೋರಿಸಿತ್ತು.

ಹೀಗೆ ಮುದ್ರಿಸಿದ ಎಲೆಕ್ಟ್ರೋಡುಗಳ ಮೇಲೆ ಸೈಲೀನಿನಲ್ಲಿ ಕರಗಿಸಿದ ಅರೆವಾಹಕ, ಅದರ ಮೇಲೆ ಐಸೊಪ್ರೊಪನಾಲಿನಲ್ಲಿ ಕರಗಿಸಿದ ಪಾಲಿವಿನೈಲ್‌ಫಿನಾಲ್ ಎಂಬ ಅವಾಹಕ, ಎಲ್ಲಕ್ಕಿಂತ ಮೇಲೆ ಮತ್ತೆ ನೀರಿನ ಶಾಯಿಯಲ್ಲಿ ಮುದ್ರಿಸಿದ ಗೇಟ್. ಪ್ರತಿ ದ್ರಾವಕವೂ ತನ್ನ ಕೆಳಗಿನ ಪದರವನ್ನು ಮುಟ್ಟದಂಥದ್ದು. ಈ ಸರಣಿ ಹೊಂದಿಸುವುದು ಓದಲು ಒಂದು ಸಾಲು, ಮಾಡಲು ತಿಂಗಳುಗಳ ಕೆಲಸ. ಫಲಿತಾಂಶ: ಟ್ರಾನ್ಸಿಸ್ಟರ್ ತೆರೆದಾಗಿನ ವಿದ್ಯುತ್ತಿಗೂ ಮುಚ್ಚಿದಾಗಿನದಕ್ಕೂ ಲಕ್ಷ ಪಟ್ಟು ವ್ಯತ್ಯಾಸ.

ಇಲ್ಲೊಂದು ತಕರಾರು ನನ್ನದು. 'ಮುದ್ರಿತ ಸರ್ಕಿಟ್' ಎಂಬ ಹೆಸರಿನಲ್ಲಿ ಅರ್ಧ ಮಾತ್ರ ನಿಜವಿತ್ತು. ಆ 5 ಮೈಕ್ರೋಮೀಟರಿನ ಬದುವನ್ನು ಕಟ್ಟಿದ್ದು ಇಂಕ್‌ಜೆಟ್ ಅಲ್ಲ, ಬೆಳಕಿನಿಂದ ಗೆರೆ ಮೂಡಿಸುವ, ಚಿಪ್ ಕಾರ್ಖಾನೆಯವರ ಫೋಟೋಲಿಥೋಗ್ರಫಿ. ತಂಡ ಇದನ್ನು ಮುಚ್ಚಿಡಲಿಲ್ಲ. ಆದರೂ ಯಾವ ದುಬಾರಿ ಹೆಜ್ಜೆಯಿಂದ ತಪ್ಪಿಸಿಕೊಳ್ಳಲು ಹೊರಟಿದ್ದರೋ ಅದೇ ಹೆಜ್ಜೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು.

ಕಾಫಿಯ ಉಂಗುರ

ಮುಂದಿನ ಹಂತಕ್ಕೆ ಹೋಗುವ ಮುನ್ನ ಒಂದು ಕಲೆಯ ಬಗ್ಗೆ ಹೇಳಬೇಕು. ಮೇಜಿನ ಮೇಲೆ ಚೆಲ್ಲಿದ ಡಿಕಾಕ್ಷನ್ ಹನಿಯನ್ನು ಒರೆಸದೆ ಬಿಡಿ. ಒಣಗಿದ ಮೇಲೆ ನಡುವೆ ತಿಳಿಗಂದು, ಅಂಚಿನಲ್ಲಿ ಕಡುಗಂದಿನ ಉಂಗುರ. ಶಿಕಾಗೋ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ಇದರ ಕಾರಣವನ್ನು ವಿವರಿಸಿತು. ಹನಿಯ ಅಂಚು ನೆಲಕ್ಕೆ ಅಂಟಿಕೊಂಡು ಕದಲುವುದಿಲ್ಲ. ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಹೊತ್ತೊಯ್ಯುತ್ತದೆ.

ಎಲೆಕ್ಟ್ರೋಡು ಮುದ್ರಿಸುವವರಿಗೆ ಈ ಉಂಗುರ ದಿನದ ತಲೆನೋವು. ಗೆರೆಯ ಎರಡು ಅಂಚು ದಿಬ್ಬ, ನಡುವೆ ತೆಳು. ದಿಬ್ಬದ ಮೇಲೆ ಹಾಸಿದ ಅವಾಹಕ ಪದರ ತೆಳುವಾಗಿ ಅಲ್ಲೇ ವಿದ್ಯುತ್ ಸೋರುತ್ತದೆ. ಎರಡು ದ್ರಾವಕಗಳನ್ನು ಬೆರೆಸಿ ಒಳಹರಿವು ಹೊರಹರಿವುಗಳನ್ನು ಸರಿದೂಗಿಸುವುದು, ಒಣಗುವ ವೇಗ ತಗ್ಗಿಸುವುದು ಹೀಗೆ ಅದಕ್ಕೆ ಮನೆಮದ್ದುಗಳಿವೆ.

ಇದೇ ತಂಡದ ಕವಾಸೆ ಮತ್ತು ಸಂಗಡಿಗರು ಮಾತ್ರ ಈ ತಲೆನೋವನ್ನೇ ಕೆಲಸಕ್ಕೆ ಹಚ್ಚಿದರು. ಮೇಲಿನ ಪದರದ ಎಲೆಕ್ಟ್ರೋಡನ್ನು ಕೆಳಗಿನದಕ್ಕೆ ಜೋಡಿಸಬೇಕಾದರೆ ನಡುವಿನ ಅವಾಹಕದಲ್ಲಿ ತೂತು ಬೇಕು. ಅವರು ಪ್ರಿಂಟರಿನ ಮೂತಿಗೆ ಶಾಯಿಯ ಬದಲು ಬರೀ ಎಥನಾಲ್ ತುಂಬಿ ಒಂದೇ ಜಾಗಕ್ಕೆ ಹನಿ ಮೇಲೆ ಹನಿ ಹಾಕಿದರು. ಎಥನಾಲ್ ಅವಾಹಕ ಪಾಲಿಮರನ್ನು ಕರಗಿಸುತ್ತದೆ, ಒಣಗುವಾಗ ಕರಗಿದ್ದನ್ನೆಲ್ಲ ಅಂಚಿಗೆ ಒಯ್ದು ಗುಡ್ಡೆ ಹಾಕುತ್ತದೆ. ಪ್ರತಿ ಹನಿಗೂ ನಡುವಿನ ಗುಂಡಿ ಆಳವಾಗುತ್ತ ಹೋಗಿ ಕೊನೆಗೆ ತಳ ಕಾಣುತ್ತದೆ. ಅಗೆದ ಮಣ್ಣನ್ನು ಸುತ್ತ ಹಾಕಿದ ಬಾವಿಯ ಹಾಗೆ. ಅದರೊಳಕ್ಕೆ ಪೆಡಾಟ್ ಶಾಯಿ ಬಿಟ್ಟರೆ ಮೇಲಿಗೂ ಕೆಳಗಿಗೂ ಸಂಪರ್ಕ. ಇಡೀ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಹೆಜ್ಜೆ ಇದೇ.

ಎರಡನೆಯ ಪರಿಹಾರ: ಜಾರುವ ಹನಿ

2005ರಲ್ಲಿ ಅದೇ ಪ್ರಯೋಗಾಲಯದಿಂದ ಬಂದ ಕೆಲಸ ಆ ಹಿತ್ತಿಲ ಬಾಗಿಲನ್ನು ಮುಚ್ಚಿತು. ಬದುವೇ ಬೇಡ, ಮೊದಲ ಎಲೆಕ್ಟ್ರೋಡೇ ಎರಡನೆಯದಕ್ಕೆ ಬದುವಾಗಲಿ ಎಂಬುದು ಅದರ ಉಪಾಯ.

ಮೊದಲು ಒಂದು ಪೆಡಾಟ್ ಗೆರೆ ಮುದ್ರಿಸಿ ಒಣಗಿಸುತ್ತಾರೆ. ಅದನ್ನು ಫ್ಲೋರಿನ್ ಇರುವ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುದಾವೇಶ ಹೊತ್ತ ಅನಿಲಕ್ಕೆ, ಒಡ್ಡಿದರೆ ಪಾಲಿಮರಿನ ಮೈಮೇಲೆ ಫ್ಲೋರಿನ್ ಕೂಡಿ ಅದು ಕೆಸುವಿನ ಎಲೆಯಾಗುತ್ತದೆ. ಸುತ್ತಲಿನ ಗಾಜು ಗಾಜಾಗಿಯೇ ಉಳಿಯುತ್ತದೆ. ಈಗ ಎರಡನೆಯ ಹನಿಯನ್ನು ಬೇಕೆಂದೇ ತಪ್ಪಾಗಿ, ಅರ್ಧ ಮೊದಲ ಗೆರೆಯ ಮೇಲೆ ಅರ್ಧ ಗಾಜಿನ ಮೇಲೆ ಬೀಳುವಂತೆ ಹಾಕುತ್ತಾರೆ. ಹನಿ ಒಂದು ಕ್ಷಣ ಎರಡನ್ನೂ ತುಳಿದುಕೊಂಡು ನಿಲ್ಲುತ್ತದೆ. ಬಳಿಕ ಗೆರೆಯ ಮೇಲಿನ ಅಂಚು ಹಿಮ್ಮೆಟ್ಟುತ್ತ ಹಿಮ್ಮೆಟ್ಟುತ್ತ ಕೆಳಗಿಳಿದು ಗಾಜಿನ ಮೇಲೆ, ಮೊದಲ ಗೆರೆಯ ಬುಡಕ್ಕೆ ಒರಗಿಕೊಂಡಂತೆ, ಆದರೆ ಅದಕ್ಕೆ ತಾಗದೆ ಒಣಗುತ್ತದೆ. ಉಳಿಯುವ ಸಂದು 100 ನ್ಯಾನೋಮೀಟರ್‌ಗಿಂತ ಕಡಿಮೆ. ಹಿಂದಿನದರ ಐವತ್ತನೇ ಒಂದು ಪಾಲು, ಅದೂ ಲಿಥೋಗ್ರಫಿಯ ನೆರವಿಲ್ಲದೆ.

ಇದರ ಸೊಗಸು ಗಮನಿಸಿ. ಎರಡನೆಯ ಹನಿ 5 ಮೈಕ್ರೋಮೀಟರ್ ಹೆಚ್ಚು ಒಳಗೆ ಬಿದ್ದರೂ, ಕಡಿಮೆ ಬಿದ್ದರೂ, ಸಂದಿನ ಅಗಲ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಹನಿ ಬಿದ್ದ ಜಾಗವಲ್ಲ, ಅದು ಜಾರಿ ನಿಲ್ಲುವ ರೀತಿ. ಹಾಗೆಂದು ಹನಿ ಪೂರ್ತಿ ಹೊರಗೆ ಬಿದ್ದರೆ ಕಥೆ ಮುಗಿಯಿತು: ಜಾರುವ ಪ್ರಶ್ನೆಯೇ ಇಲ್ಲ, ಸಂದು ಮತ್ತೆ ಹತ್ತಾರು ಮೈಕ್ರೋಮೀಟರ್.

ಗಿಡ್ಡವಾದರೆ ಸಾಲದು

ಇಷ್ಟಾದ ಮೇಲೆ ವೇಗ ಸಾವಿರಾರು ಪಟ್ಟು ಏರಬೇಕಿತ್ತು. ಮೂರು ತೊಡಕುಗಳು ಎದುರಾದವು.

ಮೊದಲನೆಯದು ಅವಾಹಕದ ದಪ್ಪ. ಕಾಲುವೆ ಗಿಡ್ಡವಾದಾಗ ತೂಬು ಅದಕ್ಕೆ ಹತ್ತಿರ ಇರಬೇಕು. ನೂರು ನ್ಯಾನೋಮೀಟರಿನ ಕಾಲುವೆಯ ಮೇಲೆ ಐನೂರು ನ್ಯಾನೋಮೀಟರಿನ ಅವಾಹಕ ಹಾಸಿದರೆ ಗೇಟಿನ ಹಿಡಿತ ಸಡಿಲವಾಗಿ ಡ್ರೇನಿನ ಸೆಳೆತವೇ ಮೇಲಾಗುತ್ತದೆ, ಟ್ರಾನ್ಸಿಸ್ಟರ್ ಸರಿಯಾಗಿ ಮುಚ್ಚುವುದೇ ಇಲ್ಲ.

ಎರಡನೆಯದು ಸಂಪರ್ಕ ಪ್ರತಿರೋಧ. ಎಲೆಕ್ಟ್ರೋಡಿನಿಂದ ಅರೆವಾಹಕಕ್ಕೆ ವಿದ್ಯುದಾವೇಶ ದಾಟುವಾಗ ಒಂದು ತಡೆ ಇರುತ್ತದೆ. ಹೆದ್ದಾರಿ ನೂರು ಕಿಲೋಮೀಟರ್ ಇದ್ದಾಗ ಟೋಲಿನಲ್ಲಿ ಹತ್ತು ನಿಮಿಷ ಕಾದದ್ದು ಲೆಕ್ಕಕ್ಕಿಲ್ಲ. ದಾರಿ ಎರಡು ಕಿಲೋಮೀಟರಿಗೆ ಇಳಿದರೆ ಪ್ರಯಾಣವೆಲ್ಲ ಟೋಲಿನಲ್ಲೇ ಮುಗಿಯುತ್ತದೆ. ಸಾವಯವ ಸಾಧನಗಳಲ್ಲಿ ಎಲೆಕ್ಟ್ರೋಡನ್ನು ಬರೀ ತಂತಿ ಎಂದು ನೋಡಬಾರದು ಎನ್ನುವುದು ಇದಕ್ಕೇ. ಅದು ಚೆನ್ನಾಗಿ ವಿದ್ಯುತ್ ಹರಿಸಿದರಷ್ಟೇ ಸಾಲದು. ಅದರ ಶಕ್ತಿಮಟ್ಟ ಅರೆವಾಹಕದ ಶಕ್ತಿಮಟ್ಟಕ್ಕೆ ಹತ್ತಿರವಿರಬೇಕು. ಬೆಳ್ಳಿ ಎಲ್ಲಕ್ಕಿಂತ ಒಳ್ಳೆಯ ವಾಹಕ, ಹಾಗಿದ್ದೂ ಎಷ್ಟೋ ಪಾಲಿಮರುಗಳಿಗೆ ಚಿನ್ನವೇ ಹೊಂದುತ್ತದೆ.

ಮೂರನೆಯದು ಗೇಟಿನ ಹೊದಿಕೆ. ಸೋರ್ಸ್ ಮತ್ತು ಡ್ರೇನ್ ನಡುವಿನ ಸಂದು 100 ನ್ಯಾನೋಮೀಟರ್ ಆಯಿತು ಸರಿ, ಅದರ ಮೇಲೆ ಮುದ್ರಿಸುವ ಗೇಟ್ ಗೆರೆ? ಅದು ಇನ್ನೂ 50 ಮೈಕ್ರೋಮೀಟರ್ ಅಗಲ. ಕಿಟಕಿಯ ಸಂದಿಗೆ ಜಮಖಾನ ಹೊದಿಸಿದಂತೆ. ಬೇಡದ ಕಡೆ ಸೋರ್ಸ್ ಮೇಲೂ ಡ್ರೇನ್ ಮೇಲೂ ಹರಡಿಕೊಂಡ ಗೇಟ್ ಒಂದು ಪರೋಪಜೀವಿ ಕೆಪಾಸಿಟರ್, ಅಂದರೆ ವಿದ್ಯುದಾವೇಶ ಕೂಡಿಡುವ ತೊಟ್ಟಿ, ಆಗುತ್ತದೆ. ಪ್ರತಿ ಸಲ ತೆರೆದು ಮುಚ್ಚುವಾಗಲೂ ಅದನ್ನು ತುಂಬಿಸಿ ಖಾಲಿ ಮಾಡಬೇಕು. ಕೈಲೆಕ್ಕ ಹಾಕಿ ನೋಡಿದೆ: 40 ನ್ಯಾನೋಮೀಟರ್ ದಪ್ಪದ ಸಾಮಾನ್ಯ ಪಾಲಿಮರ್ ಅವಾಹಕವಾದರೆ 50 ಮೈಕ್ರೋಮೀಟರ್ ಹೊದಿಕೆಗೆ ಪ್ರತಿ ಮಿಲಿಮೀಟರ್ ಉದ್ದಕ್ಕೆ 30 ಪಿಕೋಫ್ಯಾರಡ್ ದಾಟುತ್ತದೆ. ಸಂದು ಗಿಡ್ಡ ಮಾಡಿ ಗಳಿಸಿದ್ದನ್ನೆಲ್ಲ ಇದೊಂದೇ ತಿಂದುಹಾಕುತ್ತದೆ.

ಮೂರಕ್ಕೂ ಒಟ್ಟಿಗೆ ಉತ್ತರ ಬಂದದ್ದು 2007ರಲ್ಲಿ, ಇದೇ ಗುಂಪಿನ ಯೋಂಗ್-ಯಂಗ್ ನೋ, ಮಾರಿಯೊ ಕೈರೋನಿ ಮೊದಲಾದವರಿಂದ. ಪೆಡಾಟ್ ಬದಲು ಚಿನ್ನದ ನ್ಯಾನೋಕಣಗಳ ಶಾಯಿ ಬಳಸಿದರು. ಮೊದಲ ಚಿನ್ನದ ಗೆರೆಗೆ ಜಾರುಮೈ ಕೊಡಲು ಗಂಧಕದ ತಲೆ, ಫ್ಲೋರಿನ್ನಿನ ಬಾಲ ಇರುವ ಅಣುಗಳ ಒಂದೇ ಪದರ. ಗಂಧಕ ಚಿನ್ನವನ್ನು ಹಿಡಿದರೆ ಬಿಡುವುದಿಲ್ಲ. ಫ್ಲೋರಿನ್ ಬಾಲ ಹೊರಗೆ ಚಾಚಿಕೊಂಡು ಶಾಯಿಯನ್ನು ದೂರ ತಳ್ಳುತ್ತದೆ. ಕಾಲುವೆ 100ರಿಂದ 400 ನ್ಯಾನೋಮೀಟರ್. ಅವಾಹಕವನ್ನು ಒಳಗೊಳಗೇ ಹೆಣೆದುಕೊಳ್ಳುವ ಪಾಲಿಮರಿನಿಂದ 30ರಿಂದ 50 ನ್ಯಾನೋಮೀಟರಿಗೆ ಇಳಿಸಿದರು. ಸಾಧನ 5 ವೋಲ್ಟ್‌ಗಿಂತ ಕಡಿಮೆಯಲ್ಲಿ ಓಡಿತು.

ಗೇಟಿನ ಉಪಾಯ ಚೆಂದದ್ದು. ಮೇಲೆ ಬೆಳಕಿಗೆ ಕರಗುವ ಲೇಪ ಹಾಸಿ ಕೆಳಗಿನಿಂದ, ಅಂದರೆ ಗಾಜಿನ ಬೆನ್ನ ಕಡೆಯಿಂದ ಬೆಳಕು ಬಿಡುವುದು. ಚಿನ್ನದ ಎಲೆಕ್ಟ್ರೋಡುಗಳು ಬೆಳಕನ್ನು ತಡೆಯುತ್ತವೆ, ಸಂದು ಮಾತ್ರ ಬಿಡುತ್ತದೆ. ಹೀಗೆ ಸಂದಿನ ನೇರಕ್ಕೆ ಲೇಪ ಕರಗಿ ಒಂದು ಹಳ್ಳವಾಗುತ್ತದೆ, ಗೇಟಿನ ಶಾಯಿ ಅದರೊಳಗೆ ಇಳಿಯುತ್ತದೆ. ಬಣ್ಣ ಕೂರಿಸುವ ಕೆಲಸವನ್ನು ಮೊದಲ ಅಚ್ಚೇ ಮಾಡಿಕೊಟ್ಟಂತೆ. ಹೊದಿಕೆಯ ಕೆಪಾಸಿಟೆನ್ಸ್ ಮಿಲಿಮೀಟರಿಗೆ 0.2ರಿಂದ 0.6 ಪಿಕೋಫ್ಯಾರಡ್‌ಗೆ ಇಳಿಯಿತು. ನನ್ನ ಕೈಲೆಕ್ಕದ 30ರ ಪಕ್ಕದಲ್ಲಿಟ್ಟು ನೋಡಿ. ಟ್ರಾನ್ಸಿಸ್ಟರಿನ ವೇಗದ ಮಿತಿ 1.6 ಮೆಗಾಹರ್ಟ್ಸ್ ತಲುಪಿತು. ಆಕಾಶವಾಣಿ ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765, 1.6 ಮೆಗಾಹರ್ಟ್ಸ್ ಎಂದರೆ ಮೀಡಿಯಂ ವೇವ್ ಪಟ್ಟಿಯ ಮೇಲಿನ ತುದಿ. ಹನಿ ಹನಿಯಾಗಿ ಮುದ್ರಿಸಿದ ಪ್ಲಾಸ್ಟಿಕ್ಕಿಗೆ ಇದು ಸಣ್ಣ ಸಾಧನೆಯಲ್ಲ. ಸಿಲಿಕಾನಿನ ಗಿಗಾಹರ್ಟ್ಸ್ ಜೊತೆ ಹೋಲಿಸುವವರು ಹೋಲಿಸಲಿ, ಅದು ಬೇರೆಯೇ ಅಂಗಳದ ಆಟ.

ಪ್ರಯೋಗಾಲಯದ ಹೊರಗೆ

ಈ ಕೆಲಸದ ಬೆನ್ನಿಗೇ 2000ದಲ್ಲಿ ಪ್ಲಾಸ್ಟಿಕ್ ಲಾಜಿಕ್ ಎಂಬ ಕಂಪನಿ ಹುಟ್ಟಿತು. 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕಾರ್ಖಾನೆ ತೆರೆಯಿತು. 2010ರ ಜನವರಿಯಲ್ಲಿ 'ಕ್ಯೂ' ಎಂಬ ಇ-ಪುಸ್ತಕ ಸಾಧನವನ್ನು ಲಾಸ್ ವೇಗಸ್‌ನಲ್ಲಿ ತೋರಿಸಿ 649 ಡಾಲರಿನಿಂದ ಬೆಲೆ ಹೇಳಿತು. ಅದೇ ತಿಂಗಳು ಆಪಲ್ 499 ಡಾಲರಿನ ಐಪ್ಯಾಡ್ ಪ್ರಕಟಿಸಿತು. ಆಗಸ್ಟ್‌ನಲ್ಲಿ 'ಕ್ಯೂ' ಮಾರುಕಟ್ಟೆಗೆ ಬರುವ ಮುನ್ನವೇ ರದ್ದಾಯಿತು. ಇದನ್ನು ಪಾಲಿಮರ್ ಟ್ರಾನ್ಸಿಸ್ಟರಿನ ಸೋಲು ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇ-ಪುಸ್ತಕದ ಪುಟ ತಿರುವಲು ಆ ಟ್ರಾನ್ಸಿಸ್ಟರುಗಳ ವೇಗ ಧಾರಾಳ ಸಾಕು. ಬಣ್ಣದ ಐಪ್ಯಾಡಿನ ಪಕ್ಕ ಕಪ್ಪು ಬಿಳುಪಿನ ಸಾಧನವನ್ನು ನೂರೈವತ್ತು ಡಾಲರ್ ಹೆಚ್ಚು ಕೊಟ್ಟು ಕೊಳ್ಳುವವರು ಯಾರು?

ತಾಂತ್ರಿಕ ಕಷ್ಟ ಬೇರೆ ಕಡೆ ಇದೆ. ಹತ್ತು ಲಕ್ಷ ಚುಕ್ಕೆಗಳ ಪರದೆಗೆ ಹತ್ತು ಲಕ್ಷ ಜೋಡಿ ಹನಿಗಳು ಸರಿಯಾಗಿ ಜಾರಬೇಕು. ಸಾವಿರಕ್ಕೊಂದು ಹನಿ ಹಠ ಹಿಡಿದು ಮೊದಲ ಗೆರೆಯ ಮೇಲೇ ಒಣಗಿದರೆ ಪರದೆಯಲ್ಲಿ ಸಾವಿರ ಚುಕ್ಕೆ ಸತ್ತಂತೆ. ಪ್ರಯೋಗಾಲಯದಲ್ಲಿ ಸಾವಿರಕ್ಕೆ 999 ಎಂದರೆ ಹಬ್ಬ, ಕಾರ್ಖಾನೆಯಲ್ಲಿ ಅದು ಕಸದ ಬುಟ್ಟಿ.

ಕೆಲಸವನ್ನು ದ್ರವಕ್ಕೇ ಬಿಡುವ ಈ ದಾರಿಯನ್ನು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ ಹಿಡಿದವರಿದ್ದಾರೆ. ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿ ಅವರ ತಂಡ ಒಂದು ತೆಳು ಲೇಪವನ್ನು ಒಣಗಿ ಬಿರುಕು ಬಿಡಲು ಬಿಟ್ಟಿತು, ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವಂತೆ. ಬಿರುಕುಗಳಿಗೆ ಲೋಹ ತುಂಬಿ ಲೇಪವನ್ನು ತೊಳೆದುಹಾಕಿದರೆ ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಲೆ, ಸೌರಕೋಶಕ್ಕೆ ಬೇಕಾದ ಪಾರದರ್ಶಕ ಎಲೆಕ್ಟ್ರೋಡು. ಬಿರುಕು ಯಾವ ಕಡೆ ಓಡಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಒಂದಕ್ಕೊಂದು ಕೂಡಿಕೊಂಡಿದ್ದರೆ ಆಯಿತು. ಕೇಂಬ್ರಿಡ್ಜಿನ ಹನಿಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ: ಅವು ಜಾರುವುದು ಅವುಗಳ ಇಷ್ಟದಂತೆ, ನಿಲ್ಲಬೇಕಾದದ್ದು ಮಾತ್ರ ಹೇಳಿದ ಜಾಗದಲ್ಲಿ, ಅದೂ ಪಕ್ಕದವನನ್ನು ಮುಟ್ಟದೆ.